ರಕ್ತದ ಕೊಬ್ಬು ಮತ್ತು ನಮ್ಮ ಅಗಸಿ ಹಿಂಡಿ

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಆರೋಗ್ಯ ಗೋಷ್ಠಿಯಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣ)



ಒಂದು ಹಳ್ಳಿಯ ಸಹಕಾರಿ ಸಂಘ ಇಪ್ಪತ್ತೈದು ವರ್ಷ ನಡೆದು ಬರುವುದು ಸಣ್ಣ ಮಾತಲ್ಲ. ತಮಗೆಲ್ಲ ಅಭಿನಂದನೆಗಳು. ಸಂಘಕ್ಕೆ ಜಮಾ-ಖರ್ಚಿನ ಲೆಕ್ಕ ಇರುವಂತೆ ನಮ್ಮ ರಕ್ತಕ್ಕೂ ಒಂದು ಲೆಕ್ಕವಿದೆ. ಅದರ ಒಂದೇ ಬಾಬ್ತಿನ ಬಗ್ಗೆ ಎರಡು ಮಾತು ಹೇಳುತ್ತೇನೆ.

"ನಾವು ಮಾಂಸ ಮುಟ್ಟೋದಿಲ್ಲ, ನಮಗ್ಯಾಕ ಕೊಬ್ಬಿನ ಚಿಂತಿ ಡಾಕ್ಟರೇ?" ಎಂದು ಅನೇಕರು ಕೇಳುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. ಶಾಕಾಹಾರಿಗಳ ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಸಾಮಾನ್ಯವಾಗಿ ಕಡಿಮೆ. ಇನ್ನರ್ಧವನ್ನೂ ಕೇಳಿ. ಮಿದುಳಿಗೆ, ಕಣ್ಣಿಗೆ ಬೇಕಾದ ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬಿನಾಮ್ಲವೂ ಅವರಲ್ಲಿ ಕಡಿಮೆ. 2005ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಮಾಂಸಾಹಾರಿ ಗಂಡಸರಿಗಿಂತ ಶಾಕಾಹಾರಿಗಳ ರಕ್ತದಲ್ಲಿ ಡಿಎಚ್‌ಎ ಶೇ. 31ರಷ್ಟು ಕಡಿಮೆ ಇತ್ತು. ಹಾಲು-ಮೊಟ್ಟೆಯನ್ನೂ ಬಿಟ್ಟವರಲ್ಲಿ ಶೇ. 59ರಷ್ಟು ಕಡಿಮೆ.

ಬಂಗುಡೆ, ಬೂತಾಯಿಯಂಥ ಮೀನಿನಲ್ಲಿ ಡಿಎಚ್‌ಎ ನೇರವಾಗಿ ಸಿಗುತ್ತದೆ. ಶಾಕಾಹಾರಿಯ ದೇಹವು ಅದನ್ನು ಎಎಲ್‌ಎ ಎಂಬ ಸಸ್ಯಮೂಲದ ಒಮೆಗಾ-3ರಿಂದ ತಾನೇ ತಯಾರಿಸಿಕೊಳ್ಳಬೇಕು. ತಯಾರಾಗುವುದು ಬಹಳ ಸ್ವಲ್ಪ. ಊಟದಲ್ಲಿ ಒಮೆಗಾ-6 ಅತಿಯಾದರೆ ಅದೂ ಕುಗ್ಗುತ್ತದೆ. ಸೂರ್ಯಕಾಂತಿ ಎಣ್ಣೆಯಲ್ಲಿ, ಕುಸುಬಿ ಎಣ್ಣೆಯಲ್ಲಿ ಒಮೆಗಾ-6 ಧಾರಾಳ, ಒಮೆಗಾ-3 ಇಲ್ಲವೆನ್ನುವಷ್ಟು ಕಡಿಮೆ. ಶೇಂಗಾ ಎಣ್ಣೆಯಲ್ಲೂ ಒಮೆಗಾ-3 ಸಿಗುವುದಿಲ್ಲ.

ಹಾಗಾದರೆ ಎಎಲ್‌ಎ ಎಲ್ಲಿಂದ ತರಬೇಕು? ನಮ್ಮ ಅಗಸಿಯಿಂದ! ಅಗಸಿ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಎಎಲ್‌ಎ. ಒಂದು ದೊಡ್ಡ ಚಮಚ ಅಗಸಿ ಪುಡಿಯಲ್ಲಿ ಸುಮಾರು ಒಂದೂವರೆ ಗ್ರಾಂ ಸಿಗುತ್ತದೆ. ದಿನಕ್ಕೆ ಅಷ್ಟು ಸಾಕು. ಗುರೆಳ್ಳು ಹಿಂಡಿ ರುಚಿಯೇನೋ ಹೌದು, ಆದರೆ ಈ ವಿಷಯದಲ್ಲಿ ಅಗಸಿಗೆ ಸಮನಲ್ಲ. ಇಡೀ ಕಾಳು ಜೀರ್ಣವಾಗದೆ ಹೊರಹೋಗುತ್ತದೆ, ಆದ್ದರಿಂದ ಕುಟ್ಟಿಯೇ ತಿನ್ನಬೇಕು. ಪುಡಿ ಬೇಗ ಕಮಟು ಹಿಡಿಯುತ್ತದೆ. ವಾರಕ್ಕಾಗುವಷ್ಟೇ ಮಾಡಿಟ್ಟುಕೊಳ್ಳಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಅಗಸಿ ತಿಂದರೆ ರಕ್ತದಲ್ಲಿ ಎಎಲ್‌ಎ ಏರುತ್ತದೆ, ಡಿಎಚ್‌ಎ ಮಾತ್ರ ಅಷ್ಟಾಗಿ ಏರುವುದಿಲ್ಲ. ಹೊಟ್ಟೆಯಲ್ಲಿರುವ ಕೂಸಿನ ಮಿದುಳು ಬೆಳೆಯಲು ಡಿಎಚ್‌ಎ ಬರುವುದು ತಾಯಿಯ ರಕ್ತದಿಂದಲೇ. ಆದ್ದರಿಂದ ಬಸುರಿಯರು, ಬಾಣಂತಿಯರು ರೂಢಿಯಿದ್ದರೆ ಮೀನು, ಮೊಟ್ಟೆ ತಿನ್ನಲಿ. ರೂಢಿಯಿಲ್ಲದವರಿಗೆ ಪಾಚಿಯಿಂದ ತೆಗೆದ ಡಿಎಚ್‌ಎ ಮಾತ್ರೆಗಳಿವೆ. ಮೀನಿಗೂ ಅದು ಬರುವುದು ಮೂಲತಃ ಪಾಚಿಯಿಂದಲೇ. ವೈದ್ಯರನ್ನು ಕೇಳಿ ತೆಗೆದುಕೊಳ್ಳಲಿ.

ನಮ್ಮವ್ವ ಇರುವತನಕ ಮನೆಯಲ್ಲಿ ಅಗಸಿ ಹಿಂಡಿಯ ಡಬ್ಬಿ ಬರಿದಾಗಿರಲಿಲ್ಲ. ಅವಳ ನಂತರ ಡಬ್ಬಿಯೂ ಹೋಯಿತು, ಹೊಲದ ಅಗಸಿಯೂ ಹೋಯಿತು. ಊರಿಗೆ ಬುದ್ಧಿ ಹೇಳುವ ಡಾಕ್ಟರ ಮನೆಯ ಕಥೆಯೇ ಇದು! ಆದ್ದರಿಂದ ಸಂಘದಲ್ಲಿ ನನ್ನದೊಂದು ವಿನಂತಿ. ಬರುವ ಹಿಂಗಾರಿಗೆ ಅಗಸಿ ಬೀಜ ತರಿಸಿಕೊಡಿ, ಬೆಳೆದವರಿಂದ ಕೊಂಡು ಸಂಘದ ಅಂಗಡಿಯಲ್ಲಿಡಿ. ಮೊದಲ ಗಿರಾಕಿ ನಾನೇ.