ಹಿತ್ತಲ ಕೃಷಿ: ಮನೆಗೆ ಅನ್ನದ ಭದ್ರತೆ, ನಮಗೆ ನಿಲ್ಲದ ಸದಕಾ

(ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಒಣಗಿ ಸತ್ತ ನೆಲಕ್ಕೆ ಮಳೆಯಿಂದ ಜೀವ ಕೊಡುವವನು, ಅದರಿಂದ ಕಾಳನ್ನೂ ಹಣ್ಣನ್ನೂ ಹೊರಡಿಸಿ ನಮಗೆ ಉಣಿಸುವವನು ಅವನೇ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮೇಲೆ, ಅನುಚರರ ಮೇಲೆ ಅಲ್ಲಾಹನ ಕರುಣೆಯೂ ಶಾಂತಿಯೂ ಇರಲಿ.



ಮುಂಗಾರಿಗೆ ಇನ್ನು ಕೆಲವೇ ವಾರಗಳಿವೆ. ರೈತರ ಮನೆಗಳಲ್ಲಿ ಈಗ ಬೀಜದ ಮಾತು, ಗೊಬ್ಬರದ ಮಾತು, ಸಾಲದ ಮಾತು. ಹೊಲಕ್ಕೆ ಏನು ಬಿತ್ತಬೇಕು ಎಂದು ನಾವು ಹತ್ತು ಜನರನ್ನು ಕೇಳುತ್ತೇವೆ. ಆದರೆ ಮುಂದಿನ ಆರು ತಿಂಗಳು ನಮ್ಮ ಮನೆಯವರು ಏನು ತಿನ್ನುತ್ತಾರೆ ಎಂದು ಎಷ್ಟು ಜನ ಯೋಚಿಸುತ್ತೇವೆ? ಇಂದು ಆ ಪ್ರಶ್ನೆಯ ಬಗ್ಗೆಯೇ ಕೆಲವು ಮಾತುಗಳು.

ನಮ್ಮ ಹಳ್ಳಿಗಳಲ್ಲಿ ಒಂದು ವಿಚಿತ್ರ ನಡೆಯುತ್ತಿದೆ. ಅಡಿಕೆ ಬೆಳೆಯುವವನು, ಹತ್ತಿ ಬೆಳೆಯುವವನು, ಮೆಕ್ಕೆಜೋಳ ಬೆಳೆಯುವವನು, ಎಲ್ಲರೂ ವಾರದ ಸಂತೆಯಲ್ಲಿ ಚೀಲ ಹಿಡಿದು ಸೊಪ್ಪು, ಟೊಮೆಟೊ ಕೊಳ್ಳಲು ನಿಲ್ಲುತ್ತಾರೆ. ಬೆಲೆ ಏರಿದ ವಾರ ತರಕಾರಿ ಅರ್ಧಕ್ಕೆ ಇಳಿಯುತ್ತದೆ. ಅರ್ಧಕ್ಕೆ ಇಳಿದಾಗ ಯಾರ ತಟ್ಟೆಯಲ್ಲಿ ಕಡಿಮೆಯಾಗುತ್ತದೆ? ಎಲ್ಲರಿಗೂ ಬಡಿಸಿ ಕೊನೆಗೆ ಊಟಕ್ಕೆ ಕೂರುವ ತಾಯಿಯ ತಟ್ಟೆಯಲ್ಲಿ.

ಇದು ಊಹೆಯ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ನೂರು ಮಹಿಳೆಯರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಪಡಿತರದ ಅಕ್ಕಿ ದೊಡ್ಡ ಆಸರೆ. ಅದರಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ. ಆದರೆ ಹೊಟ್ಟೆ ತುಂಬುವುದು ಬೇರೆ, ಮೈಗೆ ಬಲ ಬರುವುದು ಬೇರೆ. 1996ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವ ಆಹಾರ ಶೃಂಗಸಭೆಯೂ ಆಹಾರ ಭದ್ರತೆ ಎಂದರೆ ಬರೀ ಧಾನ್ಯದ ದಾಸ್ತಾನಲ್ಲ, ಎಲ್ಲರಿಗೂ ಎಲ್ಲ ಕಾಲಕ್ಕೂ ಪೌಷ್ಟಿಕ ಆಹಾರ ಕೈಗೆಟುಕಬೇಕು ಎಂದಿತು. ಒಬ್ಬ ಮನುಷ್ಯ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ತಿನ್ನಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಐದು ಜನರ ಮನೆಗೆ ಲೆಕ್ಕ ಹಾಕಿ: ದಿನಕ್ಕೆ ಎರಡು ಕಿಲೋ, ತಿಂಗಳಿಗೆ ಅರವತ್ತು ಕಿಲೋ. ಕೂಲಿಯ ಹಣದಲ್ಲಿ ಇಷ್ಟನ್ನೂ ಸಂತೆಯಿಂದ ತರಲು ಯಾರಿಗೆ ಸಾಧ್ಯ?

ಸಹೋದರರೇ, ಇದಕ್ಕೆ ಅಲ್ಲಾಹನು ಇಟ್ಟಿರುವ ಒಂದು ಪರಿಹಾರ ನಮ್ಮ ಹಿತ್ತಲಲ್ಲೇ ಇದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮಲ್ಲಿದೆ. ಹತ್ತಿರವಿರುವುದರ ಬೆಲೆ ನಮಗೆ ತಿಳಿಯುವುದಿಲ್ಲ ಎಂಬುದಕ್ಕೆ ಹಿರಿಯರು ಹಾಗೆ ಹೇಳಿದರು. ನುಗ್ಗೆ ಮರ ಹಿತ್ತಲಲ್ಲಿ ನಿಂತಿರುತ್ತದೆ. ನಾವು ಟಾನಿಕ್ ಸೀಸೆಗಾಗಿ ಪೇಟೆಗೆ ಹೋಗುತ್ತೇವೆ.

ಇಸ್ಲಾಮ್ ಕೃಷಿಯನ್ನು ಬರೀ ಹೊಟ್ಟೆಪಾಡು ಎಂದು ಕಂಡಿಲ್ಲ. ಒಬ್ಬ ಮುಸ್ಲಿಮ್ ನೆಟ್ಟ ಗಿಡದಿಂದ, ಬಿತ್ತಿದ ಬೆಳೆಯಿಂದ ಮನುಷ್ಯನಾಗಲಿ ಪಶುಪಕ್ಷಿಯಾಗಲಿ ತಿಂದರೆ ಅದು ಅವನ ಪಾಲಿಗೆ ಸದಕಾ ಆಗುತ್ತದೆಂದು ಪ್ರವಾದಿ(ಸ) ತಿಳಿಸಿದ್ದಾರೆ. ಬುಖಾರಿ, ಮುಸ್ಲಿಮ್ ಎರಡೂ ಗ್ರಂಥಗಳಲ್ಲಿ ಈ ಹದೀಸ್ ಇದೆ. ಸ್ವಂತ ಕೈಯ ದುಡಿಮೆಯಿಂದ ತಿನ್ನುವ ಅನ್ನಕ್ಕಿಂತ ಉತ್ತಮ ಅನ್ನವಿಲ್ಲ ಎಂದೂ, ಪ್ರವಾದಿ ದಾವೂದ್(ಅ) ಹಾಗೆಯೇ ತಿನ್ನುತ್ತಿದ್ದರೆಂದೂ ಅವರು ಕಲಿಸಿದರು. ಪ್ರವಾದಿ(ಸ)ರಿಗೆ ಸೋರೆಕಾಯಿ ಇಷ್ಟವಾಗಿತ್ತು. ಊಟದ ತಟ್ಟೆಯಲ್ಲಿ ಅದರ ಹೋಳುಗಳನ್ನು ಅವರು ಹುಡುಕಿ ತಿನ್ನುತ್ತಿದ್ದುದನ್ನು ಅನಸ್(ರ) ಕಂಡು ವರದಿ ಮಾಡಿದ್ದಾರೆ. ಮೀನಿನ ಹೊಟ್ಟೆಯಿಂದ ಹೊರಬಂದು ಬಳಲಿದ್ದ ಯೂನುಸ್(ಅ)ರ ಬಳಿ ಅಲ್ಲಾಹನು ಬೆಳೆಸಿದ್ದೂ ಒಂದು ಬಳ್ಳಿಯನ್ನೇ. ಅದು ಸೋರೆಯ ಜಾತಿಯ ಬಳ್ಳಿಯೆಂದು ಅನೇಕ ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಆ ಸೋರೆಬಳ್ಳಿಗೆ ನಮ್ಮ ಮನೆಯಲ್ಲಿ ಬೇಕಾದದ್ದು ಒಂದು ಕುಳಿ, ಒಂದು ಬುಟ್ಟಿ ಗೊಬ್ಬರ, ಏರಲು ಒಂದು ಚಪ್ಪರ. ಅಷ್ಟೇ.

ಇನ್ನು ಗೊಬ್ಬರದ ಮಾತು. ಬಿದ್ದ ತುತ್ತನ್ನೂ ಎತ್ತಿ, ಮಣ್ಣು ಒರೆಸಿ ತಿನ್ನಿರಿ, ತಟ್ಟೆಯನ್ನು ಪೂರ್ತಿ ಮುಗಿಸಿರಿ, ಬರಕತ್ ಯಾವ ತುತ್ತಿನಲ್ಲಿದೆಯೋ ತಿಳಿಯದು ಎಂದು ಪ್ರವಾದಿ(ಸ) ಬೋಧಿಸಿದರು. ಆದ್ದರಿಂದ ಒಂದು ಮಾತು ಸ್ಪಷ್ಟವಾಗಲಿ. ಮದುವೆ ಮನೆಯಲ್ಲಿ ಉಳಿದ ಬಿರಿಯಾನಿಯನ್ನು ಗುಂಡಿಗೆ ಸುರಿದು, ಗೊಬ್ಬರ ಮಾಡಿದೆವು ಎಂದು ಸಮಾಧಾನಪಟ್ಟುಕೊಳ್ಳುವುದು ಸಲ್ಲದು. ತಿನ್ನಬಹುದಾದದ್ದು ಮೊದಲು ಮನುಷ್ಯನಿಗೆ, ಆಮೇಲೆ ಆಡು, ಹಸು, ಕೋಳಿಗೆ. ಅವೂ ತಿನ್ನದೆ ಉಳಿದ ಸಿಪ್ಪೆ, ದಂಟು, ತರಗೆಲೆ ಮಣ್ಣಿನ ಪಾಲು. ಮಣ್ಣಿಗೂ ಒಂದು ಹಕ್ಕಿದೆ. ಅದರಿಂದ ತೆಗೆದದ್ದರಲ್ಲಿ ಸ್ವಲ್ಪವನ್ನಾದರೂ ಅದಕ್ಕೆ ಮರಳಿಸಬೇಕು. ನಾವು ಆ ಪಾಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಸ್ತೆ ಬದಿಗೆ ಎಸೆಯುತ್ತೇವೆ. ದಾರಿಯಿಂದ ತೊಂದರೆ ಕೊಡುವ ವಸ್ತುವನ್ನು ತೆಗೆಯುವುದು ಈಮಾನಿನ ಒಂದು ಶಾಖೆ ಎಂದು ಕಲಿತವರು ದಾರಿಗೇ ಕಸ ತಂದು ಹಾಕಿದರೆ ಹೇಗೆ?

ಗೊಬ್ಬರದ ವಿದ್ಯೆ ನಮಗೆ ಹೊಸತಲ್ಲ. 12ನೇ ಶತಮಾನದಲ್ಲಿ ಸ್ಪೇನಿನ ಸೆವಿಲ್ಲೆಯ ಇಬ್ನುಲ್ ಅವ್ವಾಮ್ ಬರೆದ ‘ಕಿತಾಬುಲ್ ಫಿಲಾಹ’ ಎಂಬ ಕೃಷಿ ಗ್ರಂಥದಲ್ಲಿ ಮಣ್ಣಿನ ಅಧ್ಯಾಯದ ಹಿಂದೆಯೇ ಗೊಬ್ಬರದ ಅಧ್ಯಾಯ ಬರುತ್ತದೆ. ನಮ್ಮ ದೇಶದಲ್ಲಿ 1924ರಿಂದ 1931ರವರೆಗೆ ಇಂದೋರ್‌ನಲ್ಲಿ ದುಡಿದ ಆಲ್ಬರ್ಟ್ ಹೊವಾರ್ಡ್ ಭಾರತದ ರೈತರಿಂದ ಕಲಿತು ‘ಇಂದೋರ್ ವಿಧಾನ’ವನ್ನು ರೂಪಿಸಿದರು. 1939ರಲ್ಲಿ ಸಿ.ಎನ್. ಆಚಾರ್ಯ ಅವರು ರೂಪಿಸಿದ್ದು ‘ಬೆಂಗಳೂರು ವಿಧಾನ’. ಇಂದೋರ್ ವಿಧಾನದಲ್ಲಿ ರಾಶಿಯನ್ನು ಆಗಾಗ ತಿರುವಿ ಹಾಕಬೇಕು. ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ಬೆಂಗಳೂರು ವಿಧಾನದಲ್ಲಿ ಗುಂಡಿ ತುಂಬಿಸಿ ಮೇಲೆ ಕೆಸರು ಮೆತ್ತಿ ಬಿಟ್ಟುಬಿಡುವುದು; ಆರರಿಂದ ಎಂಟು ತಿಂಗಳು ಬೇಕು, ಆದರೆ ಆಳಿನ ಕೆಲಸ ಕಡಿಮೆ.

ಮನೆಮಟ್ಟಿಗೆ ಹೀಗೆ ಮಾಡಬಹುದು. ನೆರಳಿರುವ ಕಡೆ ಮೂರಡಿ ಅಗಲ, ಮೂರಡಿ ಆಳದ ಗುಂಡಿ ತೆಗೆಯಿರಿ. ಕರಾವಳಿ, ಮಲೆನಾಡಿನಲ್ಲಿ ಮಳೆನೀರು ಗುಂಡಿಯಲ್ಲಿ ನಿಲ್ಲುತ್ತದೆ. ಅಲ್ಲಿ ನೆಲದ ಮೇಲೆಯೇ ರಾಶಿ ಮಾಡಿ ತೆಂಗಿನ ಮಡಲು ಅಥವಾ ಅಡಿಕೆ ಸೋಗೆ ಹೊದಿಸಿರಿ. ತಳಕ್ಕೆ ಗಟ್ಟಿ ಕಡ್ಡಿಗಳು. ಅದರ ಮೇಲೆ ಒಂದು ಗೇಣು ಒಣ ತರಗೆಲೆ, ನಾಲ್ಕು ಬೆರಳು ಹಸಿ ಸಿಪ್ಪೆ-ಸೊಪ್ಪು, ನಂತರ ಸಗಣಿ ಕಲಸಿದ ನೀರು, ಒಂದೆರಡು ಹಿಡಿ ಮಣ್ಣು. ಹೀಗೆಯೇ ಪದರದ ಮೇಲೆ ಪದರ. ಹಸಿಯದಕ್ಕಿಂತ ಒಣಗಿದ್ದು ಹೆಚ್ಚಿರಲಿ; ಹಸಿ ಹೆಚ್ಚಾದರೆ ನಾರುತ್ತದೆ. ಒಂದು ಹಿಡಿ ತೆಗೆದು ಹಿಂಡಿ ನೋಡಿ: ನೀರು ಧಾರೆಯಾಗಿ ಇಳಿದರೆ ಒಣ ಎಲೆ ಸೇರಿಸಿ, ಪುಡಿಪುಡಿಯಾಗಿ ಉದುರಿದರೆ ನೀರು ಚಿಮುಕಿಸಿ. ಕೆಲವು ದಿನಗಳಲ್ಲಿ ಒಳಗೆ ಕಾವು ಏರುತ್ತದೆ. ಹದವಾದ ರಾಶಿಯಲ್ಲಿ ಅದು 55ರಿಂದ 65 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಕಳೆಯ ಬೀಜ, ರೋಗಾಣುಗಳಲ್ಲಿ ಬಹುಪಾಲು ಆ ಕಾವಿಗೆ ಸಾಯುತ್ತವೆ. ಹದಿನೈದು ದಿನಕ್ಕೊಮ್ಮೆ ತಿರುವಿ ಹಾಕಿ. ಮಾಂಸ, ಮೀನಿನ ಉಳಿಕೆ, ಎಣ್ಣೆ ಪದಾರ್ಥ ಹಾಕಬೇಡಿ. ನಾಯಿ, ಇಲಿ ಬರುತ್ತವೆ. ಗೊಬ್ಬರ ಕಪ್ಪಾಗಿ, ಹುಡಿಹುಡಿಯಾಗಿ, ಮೊದಲ ಮಳೆಯ ಮಣ್ಣಿನಂತೆ ಪರಿಮಳಿಸಿದರೆ ಸಿದ್ಧವಾಯಿತು ಎಂದರ್ಥ.

ಕೆಲವರು ಕೇಳುತ್ತಾರೆ: ಸಗಣಿ ಹಾಕಿ ಬೆಳೆದದ್ದು ಶುದ್ಧವೇ? ನಮ್ಮ ನಾಡಿನಲ್ಲಿ ಅನುಸರಿಸುವ ಹನಫೀ, ಶಾಫಿಈ ಎರಡೂ ಮದ್‌ಹಬ್‌ಗಳಲ್ಲಿ ಹಾಗೆ ಬೆಳೆದ ಬೆಳೆ ಹಲಾಲ್. ಹೊರಗೆ ಅಂಟಿದ್ದನ್ನು ಚೆನ್ನಾಗಿ ತೊಳೆಯಬೇಕು, ಅಷ್ಟೇ. ಕೈಬಟ್ಟೆ ಶುಚಿ ಮಾಡಿಕೊಂಡು ನಮಾಝಿಗೆ ಬರಬೇಕು.

ಈ ಗೊಬ್ಬರ ಎಕರೆಗಟ್ಟಲೆ ಹೊಲಕ್ಕೆ ಸಾಲುವುದಿಲ್ಲ. ಆದರೆ ಹಿತ್ತಲಿಗೆ ಸಾಕು. ಒಂದು ಸೆಂಟ್, ಎಂದರೆ ಸುಮಾರು 435 ಚದರ ಅಡಿ ಜಾಗವಿದ್ದರೆ ಹರಿವೆ, ಬಸಳೆ, ಬೆಂಡೆ, ಬದನೆ, ಅಲಸಂದೆ ಹಾಕಬಹುದು. ಬೇಲಿಗೆ ತೊಂಡೆ, ಹೀರೆ. ಬಚ್ಚಲ ನೀರು ಹರಿಯುವಲ್ಲಿ ಪಪ್ಪಾಯಿ, ಬಾಳೆ. ಮೂಲೆಯಲ್ಲಿ ನುಗ್ಗೆ, ಕರಿಬೇವು. ಜಾಗವಿಲ್ಲದವರಿಗೆ ಹಳೆಯ ಸಿಮೆಂಟ್ ಚೀಲ, ಒಡೆದ ಬಕೆಟ್ ಸಾಕು. ಎಲ್ಲವನ್ನೂ ಒಂದೇ ದಿನ ಬಿತ್ತಬೇಡಿ. ಹದಿನೈದು ದಿನಕ್ಕೊಂದು ಸಾಲು ಹರಿವೆ ಬಿತ್ತಿದರೆ ಸೊಪ್ಪು ತಪ್ಪುವುದಿಲ್ಲ. ಇದರಿಂದ ಸಂತೆಗೆ ಹೋಗುವುದು ಪೂರ್ತಿ ನಿಲ್ಲದು. ಆದರೆ ಹಣ ಇಲ್ಲದ ದಿನವೂ ಮನೆಯಲ್ಲಿ ಹಸಿರು ಇರುತ್ತದೆ. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿ ತಿಂದರೆ ಅದರ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಆ ಲಾಭ ಕಡಿಮೆಯಾಗುತ್ತದೆ. ರಕ್ತಹೀನತೆ ಇರುವವರು ವೈದ್ಯರು ಕೊಟ್ಟ ಮಾತ್ರೆಯನ್ನಂತೂ ಬಿಡಬಾರದು.

ಸಹೋದರರೇ, ಇಷ್ಟನ್ನು ಮಿಂಬರಿನಿಂದ ಕೇಳಿದ ಮಾತ್ರಕ್ಕೆ ಯಾರ ಹಿತ್ತಲೂ ಹಸಿರಾಗದು. ರೈತ ಕಿವಿಯಿಂದ ಕಲಿಯುವುದಕ್ಕಿಂತ ಕಣ್ಣಿನಿಂದ ಹೆಚ್ಚು ಕಲಿಯುತ್ತಾನೆ. ಮನುಷ್ಯ ತೀರಿಕೊಂಡ ಮೇಲೂ ಮೂರು ಸತ್ಕರ್ಮಗಳ ಪ್ರತಿಫಲ ನಿಲ್ಲುವುದಿಲ್ಲ ಎಂದು ಪ್ರವಾದಿ(ಸ) ಹೇಳಿದ್ದಾರೆ: ಮುಂದುವರಿಯುವ ಸದಕಾ, ಜನರಿಗೆ ಪ್ರಯೋಜನವಾಗುವ ಜ್ಞಾನ, ಪ್ರಾರ್ಥಿಸುವ ಸಜ್ಜನ ಸಂತಾನ. ಬರಡು ಮಣ್ಣನ್ನು ಹದ ಮಾಡಲು ಒಬ್ಬರಿಗೆ ಕಲಿಸಿದರೆ ಅದು ಪ್ರಯೋಜನವಾಗುವ ಜ್ಞಾನವಲ್ಲವೇ? ಒಂದು ಕಿಟ್ ಆಹಾರ ಕೊಟ್ಟರೆ ಒಂದು ತಿಂಗಳು ನಡೆಯುತ್ತದೆ. ಅದನ್ನು ನಿಲ್ಲಿಸಬೇಡಿ. ಆದರೆ ಕಲಿಸಿದ ವಿದ್ಯೆ ಆ ಮನೆಯ ಮಗಳ ಜೊತೆ ಅವಳ ಗಂಡನ ಮನೆಗೂ ಹೋಗುತ್ತದೆ.

ಆದ್ದರಿಂದ ಜಮಾಅತ್‌ನ ಮುಂದೆ ಕೆಲವು ಕೆಲಸಗಳನ್ನು ಇಡುತ್ತಿದ್ದೇನೆ.

ಮೊದಲನೆಯದು, ಮೊಹಲ್ಲಾದಲ್ಲಿ ಒಂದು ಮನೆಯ ಹಿತ್ತಲನ್ನು ಮಾದರಿಯಾಗಿ ಆರಿಸೋಣ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದವರು, ಹೋಬಳಿಯ ರೈತ ಸಂಪರ್ಕ ಕೇಂದ್ರದವರು ಕರೆದರೆ ಬಂದು ತಿಳಿಸುತ್ತಾರೆ. ಗುಂಡಿ ತುಂಬುವ ದಿನ ಹತ್ತು ಮನೆಯವರು ಬಂದು ಕೈಯಾರೆ ತುಂಬಲಿ, ತಿರುವಿ ಹಾಕುವ ದಿನ ಮತ್ತೆ ಬರಲಿ. ಕಲಿತವರು ತಲಾ ಇಬ್ಬರಿಗೆ ಕಲಿಸಲಿ.

ಎರಡನೆಯದು, ಈ ತರಬೇತಿ ಮಹಿಳೆಯರಿಗೆ ಮುಟ್ಟಲಿ. ಸಿಪ್ಪೆ ಬೇರ್ಪಡಿಸುವವರು, ಗಿಡಕ್ಕೆ ನೀರು ಹಾಕುವವರು ಅವರು. ತರಬೇತಿಗೆ ಹೋಗಿ ಕೂರುವವರು ಮಾತ್ರ ನಾವು. ಅಡುಗೆ ಮುಗಿದ ಹೊತ್ತಿನಲ್ಲಿ, ಒಬ್ಬ ಸಹೋದರಿಯ ಹಿತ್ತಲಲ್ಲೇ, ತಿಳಿದ ಇನ್ನೊಬ್ಬ ಸಹೋದರಿ ಹೇಳಿಕೊಡುವಂತಾಗಲಿ. ಗುಂಡಿ ತೋಡುವ ಕೆಲಸ ಗಂಡಸರದು. ಅದನ್ನೂ ಅವರ ತಲೆಗೆ ಕಟ್ಟಬೇಡಿ.

ಮೂರನೆಯದು, ಮಸೀದಿಯ ಹಿಂದೆ ಖಾಲಿ ಬಿದ್ದಿರುವ ಜಾಗ. ನೆಲವಿದ್ದವನು ತಾನು ಉಳಲಿ, ಇಲ್ಲವೇ ತನ್ನ ಸಹೋದರನಿಗೆ ಉಳಲು ಕೊಡಲಿ ಎಂಬುದು ಪ್ರವಾದಿ(ಸ)ರ ಬೋಧನೆ. ವುಝೂ ಮಾಡಿದ ನೀರು ಚರಂಡಿಗೆ ಹೋಗುತ್ತಿದೆ. ಬಳಸಿದ ಆ ನೀರಿನಿಂದ ಮತ್ತೆ ವುಝೂ ಮಾಡಲಾಗದು, ಗಿಡಕ್ಕೆ ಹರಿಸಲು ಅಡ್ಡಿಯಿಲ್ಲ. ಎರಡು ಕೈ ಕೂಡಿಸಿದ ಬೊಗಸೆಯಷ್ಟು, ಒಂದು ಮುದ್ದ್ ನೀರಿನಲ್ಲಿ ಪ್ರವಾದಿ(ಸ) ವುಝೂ ಮಾಡುತ್ತಿದ್ದರು. ನಾವು ನಲ್ಲಿ ಬಿಟ್ಟು ಮಾಡುತ್ತೇವೆ. ಮೊದಲು ನಲ್ಲಿ ಸಣ್ಣದಾಗಲಿ, ಹರಿದದ್ದು ತೋಟಕ್ಕೆ ಹೋಗಲಿ. ಮದ್ರಸಾದ ಮಕ್ಕಳು ಆ ತೋಟ ನೋಡಿಕೊಳ್ಳಲಿ.

ನಾಲ್ಕನೆಯದು, ಬೀಜ. ಒಂದು ಹಿಡಿ ಬೀಜ ಪಡೆದವರು ಮುಂದಿನ ಕೊಯ್ಲಿನಲ್ಲಿ ತಮ್ಮ ಖುಷಿಯಿಂದ ಇನ್ನೊಂದು ಮನೆಗೆ ಒಂದು ಹಿಡಿ ಕೊಡಲಿ. ಜಾತಿ, ಧರ್ಮ ಕೇಳಬೇಡಿ. ಸಾರು ಮಾಡಿದರೆ ನೀರು ಸ್ವಲ್ಪ ಹೆಚ್ಚು ಹಾಕಿ ನೆರೆಯವರಿಗೆ ಕೊಡಿ ಎಂದು ಪ್ರವಾದಿ(ಸ) ಅಬೂ ಝರ್(ರ)ರಿಗೆ ಹೇಳಿದಾಗ ನೆರೆಯವರು ಯಾರೆಂದು ಬೇರ್ಪಡಿಸಲಿಲ್ಲ. ಬೇಲಿಯಾಚೆ ಇಣುಕುವ ಬಳ್ಳಿಯ ಕಾಯಿ ನೆರೆಮನೆಯ ಮಗುವಿಗೂ ಇರಲಿ.

ಕೊಯ್ಲಿನ ದಿನವೇ ಅದರ ಹಕ್ಕನ್ನು ಕೊಟ್ಟುಬಿಡಬೇಕು, ದುಂದು ಮಾಡಬಾರದು ಎಂದು ಸೂರಾ ಅಲ್ ಅನ್ಆಮ್‌ನಲ್ಲಿ ಅಲ್ಲಾಹನು ಆಜ್ಞಾಪಿಸಿದ್ದಾನೆ. ನೀವು ಬಿತ್ತುವುದನ್ನು ಬೆಳೆಸುವವರು ನೀವೋ ನಾವೋ ಎಂದು ಸೂರಾ ಅಲ್ ವಾಕಿಅದಲ್ಲಿ ಅವನು ಕೇಳುತ್ತಾನೆ. ಬೆಳೆಸುವವನು ಅವನೇ. ಆದರೆ ಗುಂಡಿ ತೋಡುವುದು, ಬೀಜ ಊರುವುದು, ನೆರೆಯವನಿಗೆ ಕಲಿಸುವುದು ಅವನು ನಮ್ಮ ಕೈಗೆ ಬಿಟ್ಟಿದ್ದಾನೆ. ಇಂದು ಅಸರ್ ನಮಾಝಿನ ಬಳಿಕ ಹಾರೆ ಹಿಡಿದರೆ ಮಳೆ ಬೀಳುವ ಮೊದಲು ಮೊದಲ ಪದರ ಬೀಳುತ್ತದೆ.

ಅಲ್ಲಾಹನೇ, ನಮ್ಮ ನೆಲಕ್ಕೆ ಹದವಾದ ಮಳೆ ಕೊಡು. ನಮ್ಮ ಮಕ್ಕಳ, ತಾಯಂದಿರ ಮೈಗೆ ಬಲ ಕೊಡು. ರೈತರನ್ನು ಸಾಲದ ಭಾರದಿಂದ ಬಿಡಿಸು. ನೀನು ಕೊಟ್ಟ ಅನ್ನವನ್ನು ಚೆಲ್ಲದೆ, ಹಂಚಿ ತಿನ್ನುವವರನ್ನಾಗಿ ನಮ್ಮನ್ನು ಮಾಡು. ಆಮೀನ್.