ಅಳತೆಗೋಲು ಎರಡು
ಜಾತಿ ಮೀರಿದ, ದೇಶ ಮೀರಿದ ಮದುವೆ ಬೆಂಗಳೂರಿನ ಸಹಕಾರನಗರದಂಥ ಬಡಾವಣೆಯಲ್ಲಿ ಈಗ ಹುಬ್ಬೇರಿಸುವ ಸಂಗತಿಯಲ್ಲ. ಅಳತೆಗೋಲು ಮಾತ್ರ ಎರಡು. ಬಿಳಿಯ ಸೊಸೆ ಬಂದರೆ ‘ಫಾರಿನ್ ಸೊಸೆ’ ಎಂಬ ಹೆಮ್ಮೆ. ಆಫ್ರಿಕಾದವಳೆಂದರೆ ನೆಂಟರ ಬಾಯಿ ಕಟ್ಟುತ್ತದೆ. ಹುಡುಗನ ಕುಳ್ಳುತನ ಸಂಬಳದ ಮುಂದೆ ಕಾಣುವುದಿಲ್ಲ. ಹುಡುಗಿ ಎರಡಿಂಚು ಹೆಚ್ಚಿದ್ದರೆ ಜಾತಕವೇ ವಾಪಸು. ಜಾಹೀರಾತಿನಲ್ಲಿ ‘ಜಾತಿ ಅಡ್ಡಿಯಿಲ್ಲ’ ಎಂದ ಬೆನ್ನಿಗೇ ‘ವಧು ಬೆಳ್ಳಗಿರಬೇಕು’ ಎಂಬ ಷರತ್ತು. ವರನ ಬಣ್ಣದ ಸುದ್ದಿಯೇ ಇಲ್ಲ! 2020ರಲ್ಲಿ ಮದುವೆ ಜಾಲತಾಣ ಶಾದಿ ಡಾಟ್ ಕಾಮ್ ಮೈಬಣ್ಣದ ಫಿಲ್ಟರ್ ತೆಗೆಯಿತು, ಫೇರ್ ಅಂಡ್ ಲವ್ಲಿ ಕ್ರೀಮು ಹೆಸರು ಬದಲಿಸಿಕೊಂಡಿತು. ಎತ್ತರದ ಕಾಲಂ ಯಾರ ಕಣ್ಣಿಗೂ ಚುಚ್ಚಲಿಲ್ಲ. ಜಾತಿ, ದೇಶ ಮೀರಿದ ಮದುವೆಗೂ ಒದಗುವ 1954ರ ವಿಶೇಷ ವಿವಾಹ ಕಾಯ್ದೆಯ ನೋಟಿಸಿನಲ್ಲಿ ಹೆಸರು, ವಯಸ್ಸು, ಉದ್ಯೋಗ, ವಿಳಾಸ ಬರೆಯಬೇಕು. ವರನಿಗೆ 21, ವಧುವಿಗೆ 18 ತುಂಬಿರಬೇಕು. ಎತ್ತರ, ಬಣ್ಣವನ್ನು ಕಾನೂನು ಕೇಳುವುದಿಲ್ಲ.