ಕಂಪ್ಯೂಟರಿಗೂ ಆಟದ ಕನ್ಸೋಲಿಗೂ ಸಂಪರ್ಕ ತಪ್ಪಿದಾಗ

ಮನೆಯ ಕಂಪ್ಯೂಟರಿಗೂ ಆಟದ ಕನ್ಸೋಲಿಗೂ ನೆಟ್‌ವರ್ಕ್ ಕೇಬಲ್ ಜೋಡಿಸಿದ್ದೀರಿ, ಆದರೂ ಸಂಪರ್ಕವಿಲ್ಲ. ಆಗ ಕಂಡಕಂಡ ಸೆಟ್ಟಿಂಗ್ ಬದಲಿಸಿದರೆ ತೊಡಕು ಹೆಚ್ಚುತ್ತದೆ. ಬುಡದಿಂದ ಒಂದೊಂದೇ ಹಂತ ಪರೀಕ್ಷಿಸಬೇಕು.

ಮೊದಲು ಕೇಬಲ್. ಎರಡು ಯಂತ್ರಗಳೂ ಚಾಲೂ ಇದ್ದು, ಸಾಕೆಟ್ಟಿನ ಪುಟ್ಟ ದೀಪ ಉರಿಯದಿದ್ದರೆ ಕೇಬಲನ್ನೇ ಶಂಕಿಸಿ. 2001ರ ಮೊದಲ ಎಕ್ಸ್‌ಬಾಕ್ಸನ್ನು ಅಷ್ಟೇ ಹಳೆಯ ಕಂಪ್ಯೂಟರಿಗೆ ನೇರವಾಗಿ ಜೋಡಿಸಲು ಕ್ರಾಸ್‌ಓವರ್ ಕೇಬಲ್ ಬೇಕು. ಒಬ್ಬರ ಬಾಯಿಗೆ ಇನ್ನೊಬ್ಬರ ಕಿವಿ ಎದುರಾಗಬೇಕಲ್ಲವೇ? ಗಿಗಾಬಿಟ್ ಯಂತ್ರಗಳು ಈ ಅದಲುಬದಲನ್ನು ಸಾಮಾನ್ಯವಾಗಿ ತಾವೇ ಮಾಡಿಕೊಳ್ಳುತ್ತವೆ.

ಎರಡನೆಯದು ವಿಳಾಸ. ಕಂಪ್ಯೂಟರಿನ ಐಪಿ ವಿಳಾಸ 169.254ರಿಂದ ಆರಂಭವಾಗಿದ್ದರೆ, ವಿಳಾಸ ಹಂಚುವ ರೌಟರಿನಂಥ ಸಾಧನದಿಂದ ಉತ್ತರ ಬಂದಿಲ್ಲವೆಂದು ತಿಳಿಯಿರಿ. ನೇರ ಜೋಡಣೆಯಲ್ಲಿ ಆ ಸಾಧನವೇ ಇಲ್ಲ. ಆದ್ದರಿಂದ ಒಂದಕ್ಕೆ 192.168.50.1, ಇನ್ನೊಂದಕ್ಕೆ 192.168.50.2, ಎರಡಕ್ಕೂ ಸಬ್‌ನೆಟ್ ಮಾಸ್ಕ್ 255.255.255.0 ಎಂದು ನಾವೇ ಕೊಡಬೇಕು.

ಕೊನೆಗೆ ಕಂಪ್ಯೂಟರಿನಿಂದ ಪಿಂಗ್ ಆದೇಶ ಕೊಡಿ. ಕನ್ಸೋಲಿನಿಂದ ಉತ್ತರ ಬಂದರೆ ದಾರಿ ಸರಿಯಿದೆ. ದೋಷವನ್ನು ತಂತ್ರಾಂಶದಲ್ಲಿ ಹುಡುಕಿ. ಬಾರದಿದ್ದ ಮಾತ್ರಕ್ಕೆ ದಾರಿ ಕಡಿದಿದೆ ಎನ್ನಲಾಗದು. ಕೆಲವು ಯಂತ್ರಗಳು ಪಿಂಗ್‌ಗೆ ಉತ್ತರಿಸುವುದೇ ಇಲ್ಲ.

ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಫಲವನ್ನು ಬರೆದಿಡಿ. ಪ್ರಯೋಗಶಾಲೆಯಲ್ಲಿ ಕಲಿತ ಶಿಸ್ತು ಇದೇ.